ಚಿತ್ರಲಿಂಗಪ್ಪನ ಅರ್ಧ ಕೋರ್ಟು

ಯಲ್ಲದಕೆರೆಯ ಚಿತ್ರಲಿಂಗಪ್ಪನ ಮುತ್ತಜ್ಜ ಗೊಲ್ಲಪ್ಪ. ವೇದಾವತಿ ತುಂಬಿ ಹರಿಯುವಾಗ ಮುಂದಾಳು ಟಗರನ್ನು ಕೊಂಬು ಹಿಡಿದು ನೀರಿಗಿಳಿಸಿ, ಅದರ ಹಿಂದೆ ಇಡೀ ಹಿಂಡನ್ನು ಆಚೆ ದಡ ಮುಟ್ಟಿಸಿದವನು. ಒಂದು ಮರಿಯೂ ಕೊಚ್ಚಿ ಹೋಗಲಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಗೊಲ್ಲಪ್ಪನ ಮಗ ಕಾಟಲಿಂಗಪ್ಪ. ದೊಡ್ಡ ಜ್ವರ ಬಂದು ಹಟ್ಟಿಗೆ ಹಟ್ಟಿಯೇ ಮಲಗಿದ ವರ್ಷ ಕುರಿ ಜೊತೆ ಅಡವಿಯಲ್ಲಿದ್ದ ಅವನಿಗೂ ಜ್ವರ ಹತ್ತಿತು. ಜೊತೆಗಾರರು ಕಂಬಳಿಯಲ್ಲಿ ಜೋಲಿ ಕಟ್ಟಿ ಹೊರಲು ಬಂದಾಗ ಕೋಲೆತ್ತಿ ಗದರಿಸಿ, ಅದೇ ಕೋಲೂರಿಕೊಂಡು ಊರಿನ ತನಕ ನಡೆದು ಬಂದು ಬಾಗಿಲಲ್ಲಿ ಬಿದ್ದ. ಬಿದ್ದರೂ ಬದುಕಿದ. ಕಾಟಲಿಂಗಪ್ಪನ ಮಗ ಸಣ್ಣಪ್ಪ ಕಂಬಳಿ ನೇಯುತ್ತಿದ್ದ. ಊರಿನ ಕುರಿಗಳನ್ನೆಲ್ಲ ಸರ್ಕಾರದವರು ದೊಡ್ಡಿಗೆ ಕೂಡಿದಾಗ ಹಿರಿಯೂರಿನ ಕಚೇರಿ ಮುಂದೆ ಮಗ್ಗದ ಕಂಬಳಿ ಹಾಸಿ ಕೂತು, ಬಿಡಿಸಿಕೊಂಡೇ ಎದ್ದವನು ಅವನು. ಈ ಸಣ್ಣಪ್ಪನ ಹಿರಿಮಗನೇ ಚಿತ್ರಲಿಂಗಪ್ಪ.

ಅವರ ಮನೆತನದಲ್ಲಿ ಒಂದು ಪದ್ಧತಿ ಇತ್ತು. ನಡೆಯಲಾರದ ಕುರಿಯನ್ನು ಹೆಗಲ ಮೇಲೆ ಹೊತ್ತು ಮುಳ್ಳುಬೇಲಿಯ ರೊಪ್ಪಕ್ಕೆ ತರುತ್ತಿದ್ದರು, ಮೇವು ಹಾಕುತ್ತಿದ್ದರು, ಆದರೆ ಮತ್ತೆ ಹಿಂಡಿಗೆ ಬಿಡುತ್ತಿರಲಿಲ್ಲ. ಮುಂದಿನ ಸಂತೆಗೆ ಕೊಟ್ಟುಬಿಡುತ್ತಿದ್ದರು. ಒಮ್ಮೆ ಹೆಗಲೇರಿದ ಕುರಿ ಪ್ರತಿ ಹಳ್ಳದ ದಂಡೆಯಲ್ಲೂ ನಿಂತು ಎತ್ತಿಕೊಳ್ಳಲಿ ಎಂದು ಕಾಯುತ್ತದೆ, ಅದನ್ನು ನೋಡಿ ಉಳಿದವೂ ಕೆಡುತ್ತವೆ ಎಂಬುದು ಅವರ ಲೆಕ್ಕ. ಚಿತ್ರಲಿಂಗಪ್ಪ ಇದನ್ನು ಕೇಳಿಕೊಂಡೇ ಬೆಳೆದ.

ಅಣ್ಣತಮ್ಮಂದಿರು ಬೇರೆಯಾದಾಗ ಹಿಂಡು ಚೂರಾಯಿತು. ಹೊಲವನ್ನು ತಮ್ಮಂದಿರಿಗೆ ಬಿಟ್ಟು, ಚಿತ್ರಲಿಂಗಪ್ಪ ಹೆಂಡತಿ ಗಿರಿಯಮ್ಮನನ್ನು ಕರೆದುಕೊಂಡು ಬಬ್ಬೂರಿನ ಸರ್ಕಾರಿ ಕೃಷಿ ಫಾರಂಗೆ ಆಳಾಗಿ ಸೇರಿದ. ಫಾರಂ ನೌಕರರು ಸಂಜೆ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದರು. ಕೋರ್ಟಿಗೆ ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದು, ನೆಟ್ಟು ಕಟ್ಟುವುದು ಇವನ ಕೆಲಸ. ಹಳದಿ ಉಣ್ಣೆಯ ಚೆಂಡು ಸವೆದರೆ ಕಂಬಳಿ ನೂಲು ಸುತ್ತಿ, ಅರಿಶಿನ ಬಳಿದು ಮತ್ತೆ ಚೆಂಡು ಮಾಡಿಕೊಡುತ್ತಿದ್ದ. ಒಂದು ಸಂಜೆ ಆಟಕ್ಕೆ ಆಳು ಕಡಿಮೆ ಬಿತ್ತು. ಉಗ್ರಾಣ ನೋಡುವ ನಾಗರಾಜಪ್ಪ ಅವನನ್ನು ಕೂಗಿದ.

"ಲೇ ಚಿತ್ರಲಿಂಗ, ಬ್ಯಾಟು ಹಿಡಿಯೋಕೆ ಬರ್ತೈತೇನೋ?"

"ಕವಣೆ ಬೀಸಿದ ಕೈ ಐತೆ ಸ್ವಾಮಿ. ಚೆಂಡು ಒಡದ್ರೆ ಬೈಬ್ಯಾಡ್ರಿ."

ಅಂದಿನಿಂದ ಇಬ್ಬರೂ ಜೋಡಿಯಾದರು. ಹಿರಿಯೂರಿನಲ್ಲಿ, ಹೊಸದುರ್ಗದಲ್ಲಿ ಈ ಜೋಡಿಯ ಹೆಸರು ಓಡಾಡಿತು. ಕೋರ್ಟಿನ ಹೊರಗೆ ನಾಗರಾಜಪ್ಪ ಅಧಿಕಾರದವನು, ಇವನು ಆಳು. ಗೆರೆಯ ಒಳಗೆ ಮಾತ್ರ ಅರ್ಧ ಅವನದು, ಅರ್ಧ ಇವನದು. ನಡುವೆ ಬಂದ ಚೆಂಡಿಗೆ ಯಾರು ಮೊದಲು "ನಂದು" ಅನ್ನುತ್ತಾರೋ ಅವರದು. ಇನ್ನೊಬ್ಬ ಬ್ಯಾಟು ಹಿಂದಕ್ಕೆಳೆಯಬೇಕು. ಇದು ಅವರಿಬ್ಬರ ಕಟ್ಟುಪಾಡು. ಚಿತ್ರಲಿಂಗಪ್ಪನಿಗೆ ಭೂಮಿಯ ಮೇಲೆ ತನ್ನದೆನ್ನಲು ಉಳಿದ ನೆಲ ಅಷ್ಟೇ. ಗಿರಿಯಮ್ಮ ಆಡಿಕೊಳ್ಳುತ್ತಿದ್ದಳು: "ಮನೀಗೆ ನಾಯಿ ನುಗ್ಗಿದ್ರೂ ಹಚಾ ಅನ್ನಲ್ಲ. ಆ ಸುಣ್ಣದ ಗೆರೆ ಮಾತ್ರ ಯಾರೂ ತುಳೀಬಾರ್ದು."

ಎಪ್ಪತ್ಮೂರರ ಬೇಸಿಗೆಯಲ್ಲಿ ಊರಿಗೆ ಹೋದವನು ತಮ್ಮನ ಮೇಕೆಗಳಿಗೆ ಜಾಲಿ ಸೊಪ್ಪು ಕಡಿಯುತ್ತಿದ್ದ. ಕೊಂಬೆ ಮುರಿದು ಮುಳ್ಳು ಎಡಗಣ್ಣಿಗೆ ಬಿತ್ತು. ಚಿತ್ರದುರ್ಗದ ಡಾಕ್ಟರು ನೋಡಿ, ಗಾಯ ಮಾಯುತ್ತದೆ, ನೋಟ ಬರುವುದಿಲ್ಲ ಎಂದರು. ಕಣ್ಣು ಹೊರಗೆ ನೋಡಲು ನೆಟ್ಟಗೇ ಇತ್ತು. ಗಿರಿಯಮ್ಮ ಮತ್ತು ನಾಗರಾಜಪ್ಪನನ್ನು ಬಿಟ್ಟು ಯಾರಿಗೂ ಅವನು ಹೇಳಲಿಲ್ಲ. ತಲೆಯನ್ನು ಕೊಂಚ ಎಡಕ್ಕೆ ತಿರುಗಿಸಿಕೊಂಡು ಆಡುವುದನ್ನು ಕಲಿತ. ಆಟ ಹೋದರೆ ತನ್ನ ಅರ್ಧ ಹೋಗುತ್ತದೆ ಎಂಬ ಭಯ ಅವನಿಗೆ ಕಣ್ಣು ಹೋದ ದುಃಖಕ್ಕಿಂತ ಹೆಚ್ಚಾಗಿತ್ತು.

ಮರುವರ್ಷ ಹೊಳಲ್ಕೆರೆಯಲ್ಲಿ ಜೋಡಿ ಆಟದ ಪಂದ್ಯ. ಕೊನೆಯ ಸುತ್ತಿಗೆ ಎದುರಾದದ್ದು ಅದೇ ಊರಿನ ಜವಳಿ ಅಂಗಡಿ ಮುರುಗಪ್ಪ ಮತ್ತು ಅವನ ತಮ್ಮ. ಮುರುಗಪ್ಪ ಮರ್ಯಾದಸ್ಥ. ಆಟಕ್ಕೆ ಮೊದಲು ತಾನೇ ಮಜ್ಜಿಗೆ ತಂದು, "ಕುಡೀರಿ, ಬಿಸಿಲು ಜೋರೈತೆ" ಎಂದು ಚಿತ್ರಲಿಂಗಪ್ಪನ ಎಡಗಡೆ ಲೋಟ ಹಿಡಿದ. ಇವನು ಎದುರಿಗೆ ನೋಡುತ್ತಾ ನಿಂತೇ ಇದ್ದ. ಮುರುಗಪ್ಪ ಲೋಟವನ್ನು ಬಲಗಡೆಗೆ ತಂದು ಹಿಡಿದ. ಆಗ ಇವನು ಕೈ ನೀಡಿದ. ಮುರುಗಪ್ಪ ನೇರ ತಮ್ಮನ ಹತ್ತಿರ ಹೋದ.

ಮೊದಲ ಆಟದಲ್ಲಿ ಎಡದ ಅರ್ಧದಲ್ಲಿ ನಿಂತಿದ್ದ ಚಿತ್ರಲಿಂಗಪ್ಪನ ಎಡಗೆರೆಗೇ ಚೆಂಡು ಬಂದವು. ಒಂದರ ಹಿಂದೆ ಒಂದು. ಅವನು ಕತ್ತು ತಿರುಗಿಸುವಷ್ಟರಲ್ಲಿ ಉಣ್ಣೆ ಮಣ್ಣಿಗೆ ಬಿದ್ದಿರುತ್ತಿತ್ತು. ನಾಗರಾಜಪ್ಪ ಅವನ ಬೆನ್ನ ಹಿಂದೆ ಓಡಿ ಎತ್ತಿದರೆ, ಖಾಲಿಯಾದ ಬಲಕ್ಕೆ ಮುರುಗಪ್ಪನ ತಮ್ಮ ಇಳಿಸಿಬಿಡುತ್ತಿದ್ದ. ಆಟ ಹೋಯಿತು.

ನೀರು ಕುಡಿಯುವಾಗ ನಾಗರಾಜಪ್ಪ ಏದುಸಿರು ಬಿಡುತ್ತಿದ್ದ.

"ಗೊತ್ತಾಗೈತೆ ಅವರಿಗೆ" ಎಂದ.

"ಗೊತ್ತಾಗ್ಲಿ ಬಿಡ್ರಿ. ತೋಳ ಯಾವ ಸಂದೀಲಿ ನುಗ್ತೈತೆ ಅಂತ ಗೊತ್ತಾದ್ರೆ ಅಲ್ಲೇ ಕುಂತ್ಕಬೌದು. ಜಾಗ ಬದಲಾಯ್ಸಾಣ. ನಾನು ಬಲಕ್ಕೆ ನಿಲ್ತೀನಿ. ಆಗ ಕಾಣದ ಕಣ್ಣು ನಡುಗೆರೆ ಕಡಿಗೆ ಆಗ್ತೈತೆ, ನಿಮ್ಮ ಬಲಗೈ ಅಲ್ಲೇ ಇರ್ತೈತೆ. ನಡುವೆ ಬಂದಿದ್ದೆಲ್ಲ ನಿಮ್ದು. ಬಲಗೆರೆ ಕಡೀದು ನಂದು. ಅದನ್ನ ಮಾತ್ರ ಮುಟ್ಬ್ಯಾಡ್ರಿ."

"ಆಗ್ಲಪ್ಪ" ಎಂದ ನಾಗರಾಜಪ್ಪ.

ಎರಡನೆಯ ಆಟದಲ್ಲಿ ಚಿತ್ರಲಿಂಗಪ್ಪ ಹಳೆಯ ಚಿತ್ರಲಿಂಗಪ್ಪನೇ ಆದ. ನಡುವೆ ತಳ್ಳಿದ್ದನ್ನು ನಾಗರಾಜಪ್ಪ ಕಾದು ಕುಳಿತವನಂತೆ ಹೊಡೆದ. ಬಲಕ್ಕೆ ಬಂದದ್ದನ್ನು ಇವನು ಕವಣೆ ಕಲ್ಲಿನಂತೆ ತಿರುಗಿಸಿದ. ಅವನು "ನಂದು" ಅಂದರೆ ಬಯಲಿನ ತುದಿಗೂ ಕೇಳುತ್ತಿತ್ತು. ಆ ಆಟ ಇವರದಾಯಿತು.

ಮೂರನೆಯದರಲ್ಲಿ ಮುರುಗಪ್ಪ ಚೆಂಡನ್ನು ಎತ್ತರಕ್ಕೆ ಎತ್ತಿ ಚಿತ್ರಲಿಂಗಪ್ಪನ ತಲೆಯ ಹಿಂದೆ ಇಳಿಸತೊಡಗಿದ. ಮೇಲಿಂದ ಬರುವ ಚೆಂಡು ಎಷ್ಟು ದೂರ ಎಂದು ಒಂಟಿ ಕಣ್ಣಿಗೆ ತಿಳಿಯುವುದಿಲ್ಲ. ಅವನು ಎರಡು ಬಿಟ್ಟ. ಮೂರನೆಯದಕ್ಕೆ ನಾಗರಾಜಪ್ಪ ಹೆದರಿದ. ಗೆರೆ ದಾಟಿ ಬಂದು ತಾನೇ ಹೊಡೆದ.

"ಇರ್ಲಿ ಬಿಡು, ಸಿಕ್ತು" ಎಂದ.

ಆಮೇಲೆ ಎತ್ತರದ್ದನ್ನೂ ಹೊಡೆದ, ತಗ್ಗಿನದ್ದನ್ನೂ ಹೊಡೆದ. ಬಲಗೆರೆಯ ಮೇಲೆ, ಚಿತ್ರಲಿಂಗಪ್ಪನ ಒಳ್ಳೆಯ ಕಣ್ಣಿನ ಮುಂದೆ, ಕೈಗೇ ಬಂದಂತೆ ಬರುವುದನ್ನೂ ಓಡಿ ಬಂದು ಹೊಡೆದ. ಅವನ ಓಟ ನೋಡಿ ಜನ ಹುಚ್ಚೆದ್ದರು. ಬೇಲಿ ಮೇಲೆ ಕೂತವನೊಬ್ಬ ಕೂಗಿದ: "ಏ ಬಬ್ಬೂರಣ್ಣ, ಸುಮ್ನೆ ನಿಂತು ಕಾಲು ನೋಯ್ತಾವೇನಪ್ಪ? ಚಾಪೆ ಹಾಸ್ಲೇನು?" ಸುತ್ತ ನಿಂತವರು ನಕ್ಕರು. ಚಿತ್ರಲಿಂಗಪ್ಪನೂ ನಗಲು ನೋಡಿದ.

ಕೊನೆಯ ಚೆಂಡು ಬಲಗೆರೆಗೆ ಬಂತು. ಎತ್ತರವಿಲ್ಲ, ವೇಗವಿಲ್ಲ. ಚಿತ್ರಲಿಂಗಪ್ಪ ಕಾಲು ಮುಂದಿಟ್ಟು, ಬ್ಯಾಟು ಹಿಂದಕ್ಕೆ ತಂದು, "ನಂದು" ಅಂದ. ಊರಿನಿಂದ ಆಟ ನೋಡಲು ಹೋಗಿ ಹಗ್ಗದ ಆಚೆ ನಿಂತಿದ್ದ ನಮಗೂ ಕೇಳಿಸಿತು. ನಾಗರಾಜಪ್ಪ ಅವನ ಮುಂದೆ ಅಡ್ಡ ಬಂದು ಅದನ್ನು ಎದುರಿನ ಖಾಲಿ ಮೂಲೆಗೆ ಹೊಡೆದ. ಗೆದ್ದರು.

ಜನ ನುಗ್ಗಿ ನಾಗರಾಜಪ್ಪನನ್ನು ಹೆಗಲ ಮೇಲೆ ಎತ್ತಿದರು. ಯಾರೋ ಇಬ್ಬರು ಇವನನ್ನೂ ಎತ್ತಲು ಬಂದಾಗ ಇವನು ನೆಟ್ಟಿನ ಕಂಬವನ್ನು ತಬ್ಬಿ ಹಿಡಿದುಕೊಂಡ. ನಾಚಿಕೆ ಎಂದುಕೊಂಡು ಅವರು ಬಿಟ್ಟರು. ಬಸ್ಸಿನಲ್ಲಿ ನಾಗರಾಜಪ್ಪ ಗೆದ್ದ ಕಪ್ಪನ್ನು ಇವನ ತೊಡೆಯ ಮೇಲಿಟ್ಟ. ದುರ್ಗ ಬರುವ ತನಕ ಅದನ್ನು ಹಿಡಿದುಕೊಂಡಿದ್ದವನು, ಹಿರಿಯೂರಿನ ಬಸ್ಸು ಹತ್ತುವಾಗ ಅವನ ಕೈಗೇ ಕೊಟ್ಟ.

ಮನೆಯಲ್ಲಿ ಗಿರಿಯಮ್ಮ, "ಗೆದ್ರಂತಲ್ಲ?" ಎಂದು ಕೇಳಿದಳು.

"ಅವರು ಗೆದ್ರು" ಎಂದು ಹೇಳಿ ಬ್ಯಾಟನ್ನು ಅಟ್ಟಕ್ಕೆ ಹಾಕಿದ.

ಮಾರನೆಯ ದಿನವೂ ಸುಣ್ಣದ ಗೆರೆ ಎಳೆದ. ನೆಟ್ಟು ಕಟ್ಟಿದ. ಆಟ ಶುರುವಾಗುವ ಹೊತ್ತಿಗೆ ಬೇವಿನ ಮರದ ಕೆಳಗೆ ಹೋಗಿ ಬೆನ್ನು ಮಾಡಿ ಕೂತ. ಇವನು ನಾಳೆ ಬಂದಾನು, ನಾಡಿದ್ದು ಬಂದಾನು ಎಂದು ನಾಗರಾಜಪ್ಪ ಕಾದ. ಸುಗ್ಗಿ ಕಳೆಯಿತು, ಯುಗಾದಿ ಕಳೆಯಿತು. ಚಿತ್ರಲಿಂಗಪ್ಪ ಗೆರೆಯ ಮೇಲೆ ನಡೆಯುತ್ತಿದ್ದ, ಒಳಗೆ ಕಾಲಿಡುತ್ತಿರಲಿಲ್ಲ. ಗಿರಿಯಮ್ಮ ಅಟ್ಟದಿಂದ ಬ್ಯಾಟನ್ನು ಇಳಿಸಿ ಒರೆಸಿ ಬಾಗಿಲ ಹಿಂದೆ ಇಡುವಳು, ಅವನು ಮತ್ತೆ ಅಟ್ಟಕ್ಕೆ ಹಾಕುವನು.

ಹೊಳಲ್ಕೆರೆಯ ಪಂದ್ಯ ಮತ್ತೆ ಬಂದಾಗ ನಾಗರಾಜಪ್ಪ ಅವನ ಮನೆಗೇ ಬಂದ. ಆಳಿನ ಮನೆಯ ಹೊಸ್ತಿಲು ಅವನು ತುಳಿದದ್ದು ಅದೇ ಮೊದಲು. ಗಿರಿಯಮ್ಮ ಕಂಬಳಿ ಹಾಸಿ, "ಕುಂತ್ಕಳ್ರಿ" ಎಂದಳು. ಅವನು ಕೂರಲಿಲ್ಲ.

"ನಡಿಯೋ ಚಿತ್ರಲಿಂಗ, ಹೋಗಾಣ. ನೀನಿಲ್ದೆ ನನಗೆ ಆಟ ಬ್ಯಾಡಾಗೈತೆ. ಕಣ್ಣಿನ ಚಿಂತೆ ಬಿಡು. ನೀನು ಸುಮ್ನೆ ನಿಂತ್ಕಂಡ್ರೆ ಸಾಕು, ಉಳಿದಿದ್ದೆಲ್ಲ ನಾನು ನೋಡ್ಕತೀನಿ."

ಚಿತ್ರಲಿಂಗಪ್ಪ ಸುತ್ತುತ್ತಿದ್ದ ಉಣ್ಣೆ ಚೆಂಡನ್ನು ಕೆಳಗಿಟ್ಟ. ಅವನ ಒಳ್ಳೆಯ ಕಣ್ಣು ತುಂಬಿತ್ತು, ಕೆಟ್ಟದ್ದೂ ತುಂಬಿತ್ತು.

"ಬ್ಯಾಡ್ರಿ ನಾಗರಾಜಪ್ಪಾರೇ. ಒಳ್ಳೇದಕ್ಕೇ ಮಾಡಿದ್ರಿ, ಗೊತ್ತೈತೆ ನನಗೆ. ಅವತ್ತು ನಾನು ಬಿಟ್ಟು ಸೋತಿದ್ರೆ, ಸೋತೋನು ಅಂತಾನಾದ್ರೂ ನಾನು ಇರ್ತಿದ್ದೆ. ಬ್ಯಾರೆ ಯಾರನ್ನಾದ್ರೂ ಕರ್ಕಂಡು ಹೋಗ್ರಿ. ಚೆಂಡು ಸುತ್ತಿಕೊಡ್ತೀನಿ, ಗೆರೆ ಎಳೀತೀನಿ, ನೆಟ್ಟು ಕಟ್ತೀನಿ. ಹೆಗಲ ಮ್ಯಾಲೆ ಮಾತ್ರ ಹೊರಬ್ಯಾಡ್ರಿ ನನ್ನ."