ಹೂಂ ಅನ್ನದ ವಾಕಿಟಾಕಿ

ಅಗ್ಗದ ಸಾಮಾನು ಕಂಡರೆ ನನ್ನ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಬ್ಯಾಟರಿ, ಛತ್ರಿ, ಗೋಡೆ ಗಡಿಯಾರ ಎಲ್ಲವೂ ವಿಜಯಪುರದ ಫುಟ್‌ಪಾತಿನಿಂದ ಬಂದವು. ಹಾಗೆ ನೋಡಿದರೆ ನಾನೇ ಸಂಖದಲ್ಲಿ ಕಿರಾಣಿ ಅಂಗಡಿ ಇಟ್ಟವನು. "ಚಲೋ ಮಾಲ ತಗೋರಿ, ಅಗ್ಗದ್ದು ಬಾಳಿಕಿ ಬರಂಗಿಲ್ಲ" ಎಂದು ಗಿರಾಕಿಗಳಿಗೆ ದಿನವೂ ಉಪದೇಶ ಮಾಡುತ್ತೇನೆ. ಆ ಉಪದೇಶ ಅಂಗಡಿಯ ಬಾಗಿಲು ಹಾಕಿದ ಮೇಲೆ ನನಗೆ ಅನ್ವಯಿಸುವುದಿಲ್ಲ.

ಕಳೆದ ವರ್ಷ ಅದೇ ಫುಟ್‌ಪಾತಿನಿಂದ ಒಂದು ಜೋಡಿ ವಾಕಿಟಾಕಿ ತಂದೆ. ಹೊರದೇಶದ ಮಾಲು. ಡಬ್ಬಿಯ ಮೇಲೆ ಒಬ್ಬ ಬಿಳಿಯ ಮನುಷ್ಯ ಹಿಮದ ಬೆಟ್ಟ ಹತ್ತುತ್ತ, ಅದನ್ನು ಕಿವಿಗೆ ಹಿಡಿದು ನಗುತ್ತಿದ್ದ. ಹತ್ತು ಕಿಲೋಮೀಟರು ಕೇಳಿಸುತ್ತದೆ ಎಂದು ಬರೆದಿತ್ತು. ನಮ್ಮ ಜತ್ತ ತಾಲೂಕಿನ ಕಿಲೋಮೀಟರು ಸ್ವಲ್ಪ ಉದ್ದವಿರಬೇಕು. ಇಲ್ಲಿ ಎರಡು ದಾಟುವಷ್ಟರಲ್ಲಿ ಅದರ ದನಿ ಸೋತುಹೋಗುತ್ತಿತ್ತು. ಸೊಂಟಕ್ಕೆ ಸಿಕ್ಕಿಸುವ ಕೊಕ್ಕೆ ಮನೆಗೆ ಬರುವಷ್ಟರಲ್ಲೇ ಮುರಿಯಿತು. ಚಾರ್ಜು ತುಂಬಿದರೆ ಹಸಿರು ದೀಪ ಎಂದು ಹೇಳಿದ್ದರು, ಅದು ಖಾಲಿ ಇದ್ದಾಗಲೂ ಹಸಿರೇ ಉರಿಯುತ್ತಿತ್ತು. ಆದರೂ ಒಮ್ಮೆ ಕುರಿ ನೀರು ಕುಡಿಯುವ ದೋಣಿಯಲ್ಲಿ ಬಿದ್ದ ಸೆಟ್ಟನ್ನು ಜೋಳದ ಚೀಲದಲ್ಲಿ ಹುಗಿದಿಟ್ಟು ತೆಗೆದರೆ, ಏನೂ ಆಗದವರಂತೆ ಮಾತಾಡಿತು. ಅಂದಿನಿಂದ ಅದರ ಮೇಲೆ ನನಗೆ ಮನೆಯ ಮಗನ ಮೇಲಿನಂಥ ಪ್ರೀತಿ ಹುಟ್ಟಿತು.

ಇದನ್ನು ತಂದದ್ದು ಮಾತ್ರ ಚಟಕ್ಕಲ್ಲ. ನಮ್ಮಣ್ಣ ಮಾಳಪ್ಪನಿಗೆ ಎದೆನೋವು ಬಂದು, ಮಿರಜಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದ. ಕುರಿ ಕಾಯಬಹುದು, ಆದರೆ ಏರು ಹತ್ತುವಾಗ ಜೋಪಾನ, ಒಬ್ಬರೇ ಇರಬೇಡಿ ಎಂದು ಡಾಕ್ಟರು ಹೇಳಿದ್ದರು. ಅವನು ಕುರಿ ಮೇಯಿಸುವುದು ತಿಕೋಂಡಿಯ ಕಡೆಯ ದಿನ್ನೆಯ ಮೇಲೆ. ಅಲ್ಲಿ ಮೊಬೈಲು ಒಮ್ಮೆ ಮಹಾರಾಷ್ಟ್ರಕ್ಕೆ, ಒಮ್ಮೆ ಕರ್ನಾಟಕಕ್ಕೆ ಹೋಗಿ ಬಂದು ಕಡೆಗೆ ಎಲ್ಲೂ ಇರುವುದಿಲ್ಲ. ಅತ್ತಿಗೆ ಗಂಗವ್ವ ಕುರಿ ಮಾರಿಬಿಡೋಣ ಎಂದು ಹಟ ಹಿಡಿದಳು. ಕಡೆಗೆ ಒಂದು ಒಪ್ಪಂದವಾಯಿತು: ಒಂದು ಸೆಟ್ಟು ಅಣ್ಣನ ಹತ್ತಿರ, ಒಂದು ಮನೆಯಲ್ಲಿ. ಸೆಟ್ಟು ನಡೆಯುವವರೆಗೆ ಕುರಿ ಇರುತ್ತವೆ, ಸೆಟ್ಟು ಕೈಕೊಟ್ಟರೆ ಜತ್ತದ ವ್ಯಾಪಾರಿ ಬರುತ್ತಾನೆ. ಫುಟ್‌ಪಾತಿನ ಮಾಲಿನ ಮೇಲೆ ಇಷ್ಟು ಭಾರ ಬಿದ್ದದ್ದು ಕಂಡು ನನಗೇ ಬೆವರು ಬಂತು.

ಮೊದಲ ತೊಂದರೆ ಬಂದದ್ದು ಹೂಂನಿಂದ. ನಮ್ಮಲ್ಲಿ ಒಬ್ಬರು ಮಾತಾಡಿದರೆ ಇನ್ನೊಬ್ಬರು ಹೂಂ ಅನ್ನಲೇಬೇಕು. ಕುರಿಹಟ್ಟಿಯಲ್ಲಿ ಕಥೆ ಹೇಳುವವರು ಹೂಂಗುಟ್ಟುವವನನ್ನು ಗೊತ್ತು ಮಾಡಿಕೊಂಡೇ ಬಾಯಿ ತೆರೆಯುತ್ತಿದ್ದರು. ಅವನು ತೂಕಡಿಸಿದರೆ ಬಾವಿಗಿಳಿದ ರಾಜಕುಮಾರ ಬೆಳಗಿನವರೆಗೆ ಅಲ್ಲೇ ನೇತಾಡಬೇಕು. ವ್ಯಾಕರಣದವರು ಇದನ್ನು ಅವ್ಯಯ ಎಂದು ಒಂದು ಮೂಲೆಗೆ ಕೂರಿಸಿದ್ದಾರೆ. ಆದರೆ ಅದರಲ್ಲೆಷ್ಟು ಬಗೆ! ನಂಬಿದ ಹೂಂ, ನಂಬದ ಹೂಂ, ಚಹಾ ಆರುತ್ತಿದೆ ಬೇಗ ಮುಗಿಸು ಎನ್ನುವ ಹೂಂ. ನಮ್ಮತ್ತಿಗೆಯ ಹತ್ತಿರ ಎಲ್ಲವೂ ಇವೆ.

ವಾಕಿಟಾಕಿಯ ರೀತಿ ಬೇರೆ. ಗುಂಡಿ ಒತ್ತಿದವನು ಮಾತಾಡಬಹುದು, ಕೇಳಲಾರ. ಬಿಟ್ಟವನು ಕೇಳಬಹುದು, ಮಾತಾಡಲಾರ. ಅಣ್ಣ ಒಂದು ವಾಕ್ಯ ಹೇಳಿ ಬೆರಳೆತ್ತುತ್ತಿದ್ದ. ಅತ್ತಿಗೆ ಗುಂಡಿ ಒತ್ತಿ ನಿಧಾನವಾಗಿ ಒಂದು ಹೂಂ ಅನ್ನುವಷ್ಟರಲ್ಲಿ ಅವನು ಮುಂದಿನ ವಾಕ್ಯ ಅರ್ಧ ಮುಗಿಸಿರುತ್ತಿದ್ದ. ಹೀಗಾಗಿ ಮನೆಗೆ ಬರುತ್ತಿದ್ದದ್ದೆಲ್ಲ ತಲೆಯಿಲ್ಲದ ಸುದ್ದಿ. "ಮಶಿನ್ ಕೆಟ್ಟೈತಿ, ಅರ್ಧಾನ ಹೇಳತೈತಿ" ಎಂದು ಅತ್ತಿಗೆ ದೂರಿದಳು.

ನಾನು ಬುದ್ಧಿವಂತನಲ್ಲವೇ, ಕೂಡಲೇ ಒಂದು ಕಾಯ್ದೆ ಮಾಡಿದೆ. "ವೈನಿ, ಇನ್ನ ಮ್ಯಾಲ ಹೂಂ ಬಂದ್. ಅಂವ ಪೂರಾ ಹೇಳಿ ಮುಗಸೂತನಕ ಗುಂಡಿ ಮುಟ್ಟಬ್ಯಾಡ್ರಿ." ಈ ಕಾಯ್ದೆಯನ್ನು ಅಣ್ಣನಿಗೂ ತಿಳಿಸಬೇಕೆಂದು ನನಗೆ ಹೊಳೆಯಲಿಲ್ಲ.

ಮರುದಿನ ಮಧ್ಯಾಹ್ನ ಸೆಟ್ಟು ಗರಗರ ಅಂದಿತು. "ಮಚ್ಚಿ ಕುರಿ ಈಯಾಕ ಬಂದೈತಿ," ಎಂದ ಅಣ್ಣ. ಅತ್ತಿಗೆ ಬಾಯಿಗೆ ಸೆರಗು ಹಿಡಿದು ಹೂಂ ತಡೆದುಕೊಂಡಳು. "ಜಾಲಿ ಗಿಡದ ಬುಡಕ್ಕ ಹೊಂಟೈತಿ, ನಾನೂ ಹಿಂದ ಹೊಂಟೀನಿ," ಎಂದ. ಆಮೇಲೆ ಏನೂ ಇಲ್ಲ. ಅತ್ತಿಗೆ ನನ್ನ ಕಾಯ್ದೆಯಂತೆ ಕಾದಳು. ಬಹಳ ಹೊತ್ತಿನ ಮೇಲೆ ತಾನೇ ಕರೆದಳು, ಮತ್ತೆ ಕರೆದಳು, ಉತ್ತರವಿಲ್ಲ. ಅಂಗಡಿಗೆ ಓಡಿ ಬಂದಳು. "ತಮ್ಮಾ, ಗಾಡಿ ತಗಿ," ಎಂದಳು, ಅಷ್ಟೇ.

ಆ ದಾರಿಯಲ್ಲಿ ನಾನು ಪಟ್ಟ ಭಯವನ್ನು ತಮಾಷೆ ಮಾಡಲಾರೆ. ಮೋಟಾರ್‌ಸೈಕಲ್ಲಿನ ಹಿಂದೆ ಕೂತ ಅತ್ತಿಗೆ ನನ್ನ ಭುಜ ಬಿಗಿಯಾಗಿ ಹಿಡಿದಿದ್ದಳು. ಸೆಟ್ಟು ತಂದವನು ನಾನು, ಅದನ್ನು ನಂಬಿಸಿದವನೂ ನಾನು.

ಅಣ್ಣ ಜಾಲಿ ಗಿಡದ ಕೆಳಗೆ ಆರಾಮಾಗಿ ಕೂತಿದ್ದ. ಕಂಬಳಿಯಲ್ಲಿ ಆಗಷ್ಟೇ ಹುಟ್ಟಿದ ಮರಿ ಇತ್ತು. ಸಿಟ್ಟು ಬಂದಿದ್ದದ್ದು ಅವನಿಗೇ.

"ಯಾಕ ಬಂದ್ರಿ? ನಿಮ್ಮ ಮಶಿನ್ ಸತ್ತೈತಿ. ಎರಡ ಮಾತ ಹೇಳಿದ್ನಿ, ಒಬ್ಬರರ ಹೂಂ ಅನ್ನಬಾರದ? ಸುಮ್ನ ಬ್ಯಾಟರಿ ಯಾಕ ಸುಡೂದಂತ ಬಂದ್ ಮಾಡಿ ಚೀಲದಾಗ ಒಗದ್ನಿ."

"ನಾ ಹಾದಿಗುಂಟ ಸತ್ತ ಹುಟ್ಟಿ ಬಂದೀನಿ," ಎಂದಳು ಅತ್ತಿಗೆ. "ಸಾಕ್ರಿ ಈ ಕುರಿ ಸಹವಾಸ. ಯಾಪಾರಿಗೆ ಬಾ ಅಂತ ಹೇಳ್ತೀನಿ." ಊರಿಗೆ ಮರಳಿದ ಮೇಲೆ ಹೇಳಿಯೂ ಬಿಟ್ಟಳು, ಅಂದು ಸಂಜೆಯೇ.

ಗಿಡದ ಕೆಳಗೆ ಕೂತ ಅಣ್ಣ ಆಗ ಮರಿಯ ಮೈ ಒರೆಸಿದ. ಆಮೇಲೆ ಮೆಲ್ಲಗೆ, "ಕುರಿ ಹೋದ ಮ್ಯಾಲ ಆ ಎದಿನೋವಿನ ಗುಳಿಗಿ ಯಾತಕ್ಕ ನುಂಗೂದು?" ಎಂದ. ಅತ್ತಿಗೆ ಮುಖ ತಿರುಗಿಸಿ ನಿಂತಳು.

ಸೆಟ್ಟಿನದು ಏನೂ ತಪ್ಪಿಲ್ಲ ಎಂದು ನಾನು ಅಲ್ಲಿಯೇ ವಕೀಲಿ ಮಾಡಿದೆ. ಅದು ತನಗೆ ಕೊಟ್ಟ ಮಾತನ್ನೆಲ್ಲ ಮುಟ್ಟಿಸಿತ್ತು. ಅದಕ್ಕೆ ಹೂಂ ಕೊಡದವರು ನಾವು. ಹೊಸ ಪದ್ಧತಿ ಹೇಳಿಕೊಟ್ಟೆ: ಅತ್ತಿಗೆ ಹೂಂ ಅನ್ನಲಿ, ಆದರೆ ಅದು ಕಿವಿಗೆ ಬೀಳುವವರೆಗೆ ಅಣ್ಣ ಗುಂಡಿ ಮುಟ್ಟದಿರಲಿ. ವ್ಯಾಪಾರಿ ಬರುವ ದಿನದವರೆಗೆ ನೋಡೋಣ ಎಂದು ಇಬ್ಬರೂ ಒಪ್ಪಿದರು. ಅಂದಿನಿಂದ ನಮ್ಮ ಮನೆಯಲ್ಲಿ ದಿನವಿಡೀ ಸುದ್ದಿ. ಯಾವ ಕುರಿ ಕುಂಟುತ್ತಿದೆ, ಯಾವ ಮೋಡ ಸನಮಡಿಯ ಕಡೆ ಹೋಯಿತು, ನಡುವೆ ಸೆಟ್ಟಿನೊಳಗೆ ಬಂದ ಯಾರೋ ಮರಾಠಿಯಲ್ಲಿ "ಜೇವಣ ಝಾಲಂ ಕಾ?" ಎಂದು ಊಟ ಆಯಿತೇ ಕೇಳಿದ್ದಕ್ಕೆ ತಾನು "ಝಾಲಂ" ಎಂದು ಮರ್ಯಾದೆಯಿಂದ ಹೇಳಿದ್ದು, ಎಲ್ಲವೂ. ಮನೆಯಲ್ಲಿದ್ದಾಗ ಅಣ್ಣ ಇಷ್ಟು ಮಾತಾಡಿದ್ದನ್ನು ನಾನಂತೂ ಕೇಳಿಲ್ಲ.

ವ್ಯಾಪಾರಿ ಹೇಳಿದ ದಿನವೇ ಬಂದ. ದಪ್ಪ ಮನುಷ್ಯ, ಬಾಗಿಲಲ್ಲಿ ನಿಂತೇ, "ಎಲ್ಲಿ ಅದಾವ್ರಿ ಕುರಿ?" ಎಂದ. ನಾನು ಅಂಗಡಿಯಿಂದೆದ್ದು ಒಳಗೆ ಬಂದೆ. ಅಷ್ಟರಲ್ಲಿ ಸೆಟ್ಟು ಗರಗರ ಅಂದಿತು. ಅಣ್ಣ ಎಂದಿನಂತೆ ಮರಿಯ ಸುದ್ದಿ ಹೇಳುತ್ತಿದ್ದ, ಅದು ನಡೆಯಲಾರದೆ ತಾನೇ ಎತ್ತಿಕೊಂಡದ್ದನ್ನು. ಅತ್ತಿಗೆ ಹೂಂ ಅನ್ನಲಿಲ್ಲ. ಸೆಟ್ಟನ್ನು ಕಿವಿಗೆ ಒತ್ತಿಕೊಂಡಳು. ಎಲ್ಲರ ದನಿಯನ್ನೂ ಕಪ್ಪೆಯ ದನಿ ಮಾಡುವ ಆ ಅಗ್ಗದ ಯಂತ್ರ, ಮಾತಿನ ಸಂದಿಯಲ್ಲಿ ಅಣ್ಣ ಎಳೆದುಕೊಳ್ಳುತ್ತಿದ್ದ ಉಸಿರನ್ನು ಮಾತ್ರ ಸ್ವಚ್ಛವಾಗಿ ತಂದು ಮುಟ್ಟಿಸುತ್ತಿತ್ತು. ಅವನು ಏರು ಹತ್ತುತ್ತಿದ್ದ, ಅದೂ ಮರಿಯನ್ನು ಹೊತ್ತುಕೊಂಡು.

ಅವನು ಬೆರಳೆತ್ತಿದ್ದೇ ತಡ, ಅತ್ತಿಗೆ ಗುಂಡಿ ಒತ್ತಿ ಮನೆ ಹಾರಿಹೋಗುವಂತೆ ಕೂಗಿದಳು: "ಕುಂದ್ರಿ ಮದಲ!"

"ಕುಂತೆ," ಎಂದಿತು ದಿನ್ನೆಯ ಮೇಲಿನ ದನಿ, ತಕ್ಷಣ.

ಅತ್ತಿಗೆ ಸಮಾಧಾನದಿಂದ ಈಚೆ ತಿರುಗಿ, "ಕುರಿ ಕೊಡಂಗಿಲ್ರಿ, ಚಹಾ ಕುಡದ ಹೋಗ್ರಿ," ಎಂದು ವ್ಯಾಪಾರಿಗೆ ಹೇಳಿದಳು. ಪಾಪ, ಅವನು ಆ ಕೂಗಿಗೆ ಬಾಗಿಲಿನಲ್ಲೇ ನೆಲದ ಮೇಲೆ ಕೂತುಬಿಟ್ಟಿದ್ದ. ಅವನನ್ನು ನೋಡಿ ನಗೋಣವೆಂದರೆ, ನಾನೂ ಕೂತಿದ್ದೆ.