ಬೇವಿನ ಮರದಡಿಯ ಚಪ್ಪಲಿ

ಕಳೆದ ವಾರ ಚಳ್ಳಕೆರೆಯಲ್ಲಿ ಮೊಳಕಾಲ್ಮುರು ಬಸ್ಸಿಗೆಂದು ಹೋಗುತ್ತಿದ್ದೆ. ಚಪ್ಪಲಿ ಹೊಲಿಯುವವರ ಸಾಲಿನಲ್ಲಿ, ಹರಳೆಣ್ಣೆ ಕುಡಿದ ಹೊಸ ಚರ್ಮದ ವಾಸನೆ ಮೂಗಿಗೆ ಬಡಿಯಿತು. ಬಸ್ಸು ಮರೆತು ನಿಂತೆ. ಆ ವಾಸನೆಯ ಬೆನ್ನಿಗೇ ಜಡ್ಜಮ್ಮ ನೆನಪಾದರು.

ನಮ್ಮ ತಾಲ್ಲೂಕಿನ ಕೋರ್ಟಿಗೆ ಬಂದಿದ್ದ ನ್ಯಾಯಾಧೀಶರನ್ನು ನಮ್ಮ ಕೇರಿಯ ಜನ ಕರೆಯುತ್ತಿದ್ದುದು ಹಾಗೆ. ಎಷ್ಟು ಕಾಲ ಇದ್ದರೋ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ ಮೇಲೆ ಆಧಾರವಿಲ್ಲದ್ದನ್ನು ನಂಬದ ಚಟ ಹತ್ತಿದೆ. ನನ್ನ ನೆನಪನ್ನೂ ಅನುಮಾನದಿಂದಲೇ ನೋಡುತ್ತೇನೆ.

ಆಗ ಅವ್ವನ ಮೇಲೆ ಸಣ್ಣದೊಂದು ಕೇಸಿತ್ತು. ಕುದಾಪುರದ ಕಡೆ ಅವಳ ಮೇಕೆಗಳು ಸರ್ಕಾರದವರು ಹಾಕಿದ ಹೊಸ ಬೇಲಿ ದಾಟಿ ಹುಲ್ಲುಗಾವಲಿಗೆ ನುಗ್ಗಿದ್ದವು. ಕೇಸಿಗಿಂತ ಕೋರ್ಟಿನ ಬಾಗಿಲೇ ಅವಳಿಗೆ ಕಷ್ಟ. ಕೇರಿಯವರು ಅಂಗಳದಾಚೆಯ ಬೇವಿನ ಮರದಡಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗಬೇಕಿತ್ತು. ಹಾಗೆಂದು ಯಾವ ನಿಯಮವೂ ಇರಲಿಲ್ಲ. ವಕೀಲರ ಬೂಟು, ಊರ ಗೌಡರ ಮೆಟ್ಟು ಸಲೀಸಾಗಿ ಒಳಗೆ ನಡೆಯುತ್ತಿದ್ದವು. ಹರಳೆಣ್ಣೆ ಹಚ್ಚಿದ ಹೊಸ ಚಪ್ಪಲಿ ಕಳುವಾದೀತೆಂದು ಅವ್ವ ಮರದ ಕೆಳಗೇ ಕೂರುತ್ತಿದ್ದಳು. ಹಿಂದಿನ ಸಲ ಅಷ್ಟು ದೂರಕ್ಕೆ ಅವಳ ಹೆಸರು ಕೂಗಿದ್ದು ಕೇಳಿಸದೆ ವಾರಂಟ್ ಹೊರಟಿತ್ತು. ಮತ್ತೆ ತಪ್ಪಿದರೆ ಜೈಲೇ ಎಂದು ವಕೀಲರು ಹೇಳಿದ್ದರು. ಹಾಗಾಗಿ ಆ ದಿನ ನಾನು ಕಾಲೇಜಿಗೆ ಹೋಗದೆ ಕೋರ್ಟಿನ ಬಾಗಿಲಲ್ಲಿ ನಿಂತಿದ್ದೆ.

ಅಟೆಂಡರ್ ಹೆಸರು ಕೂಗಿದ.

"ಮರದ ಕೆಳಗೆ ಚಪ್ಪಲಿ ಕಾಯ್ತಾ ಕುಂತಾಳೆ ಮೇಡಂ, ಕರೀತೀನಿ," ಎಂದೆ.

"ಚಪ್ಪಲಿ ಯಾಕೆ ಕಾಯ್ಬೇಕು?" ಎಂದರು ಜಡ್ಜಮ್ಮ.

ವಕೀಲರು ಕಾಗದ ತಿರುವತೊಡಗಿದರು. ಕೊನೆಗೆ ಅಟೆಂಡರ್, "ಅವ್ರು ಅಲ್ಲೇ ಬಿಡೋದು ಮೇಡಂ, ಪದ್ಧತಿ," ಎಂದ.

"ನಿಮ್ಮವು ಎಲ್ಲಿ ಬಿಟ್ಟಿದ್ದೀರಿ?"

ಆತ ತನ್ನ ಕಾಲು ನೋಡಿಕೊಂಡ.

ಚಪ್ಪಲಿ ಮೆಟ್ಟಿಕೊಂಡೇ ಬರಲಿ ಎಂದು ಅಪ್ಪಣೆಯಾಯಿತು. ಅವ್ವ ಬಂದಳು, ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು.

"ಅದೇನಮ್ಮ?"

"ಮೆಟ್ಟು, ತಾಯಿ. ಹಾಕ್ಕಂಡ್ರೆ ಇವ್ರು ಬೈತಾರೆ, ಬಿಟ್ರೆ ನಾಯಿ ಒಯ್ತೈತೆ."

ಕೋರ್ಟೇ ನಕ್ಕಿತು. ಜಡ್ಜಮ್ಮನೂ ನಕ್ಕರು. "ಹಾಕ್ಕೊಳ್ಳಿ. ಆಮೇಲೆ ಕೇಸ್ ಕೇಳ್ತೀನಿ." ಅವ್ವ ಕಟಕಟೆ ಹಿಡಿದು ಒಂದೊಂದಾಗಿ ಮೆಟ್ಟಿಕೊಂಡಳು. ಸಣ್ಣ ದಂಡಕ್ಕೆ ಕೇಸು ಮುಗಿಯಿತು. ಹೊರಗೆ ಬಂದಾಗ ನನ್ನ ಅಂಗಿಯ ಬೆನ್ನು ಒದ್ದೆಯಾಗಿತ್ತು.

ಆಮೇಲೆ ಜಡ್ಜಮ್ಮ ದಿನಾ ಬೆಳಿಗ್ಗೆ ಆ ಮರದ ಬಳಿಯಿಂದಲೇ ನಡೆದು ಬರುತ್ತಿದ್ದರು. ಅಲ್ಲಿ ಒಂದು ಜೊತೆ ಕಂಡರೂ, ಅದರ ಯಜಮಾನ ಮೆಟ್ಟಿಕೊಂಡು ಒಳಗೆ ಬರುವ ತನಕ ಕಲಾಪ ಶುರುವಾಗುತ್ತಿರಲಿಲ್ಲ. ಒಮ್ಮೆ ಕರಿಕೋಟಿನ ವಕೀಲರೊಬ್ಬರು ಹರಕು ಚಪ್ಪಲಿಗಳನ್ನು ಎತ್ತಿ ಹಿಡಿದು, "ಯಾರದ್ರಪ್ಪಾ ಇದು, ಬೇಗ ಬರ್ರಿ," ಎಂದು ಅಂಗಳವೆಲ್ಲ ಓಡಾಡಿದ್ದರು. ಇದನ್ನು ನಾನು ಕಂಡೆನೋ, ಅವ್ವನ ಬಾಯಲ್ಲಿ ಬೆಳೆದ ಕಥೆಯೋ…

ಕಳೆದ ವಾರ ಆ ವಾಸನೆಗೆ ನಿಂತ ಮರುದಿನ ಅಫಿಡವಿಟ್ ಕೆಲಸಕ್ಕೆ ಅದೇ ಕೋರ್ಟಿಗೆ ಹೋದೆ. ಜಗುಲಿಯಲ್ಲಿ ಹಳೆಯ ವಕೀಲರೊಬ್ಬರು ಸಿಕ್ಕರು. ಚಪ್ಪಲಿ ಹಿಡಿದು ಓಡಾಡಿದ ಕಥೆ ನಿಜವೇ ಎಂದು ಹಿಂಜರಿಯುತ್ತಲೇ ಕೇಳಿದೆ.

"ಕಥೆಯಲ್ಲ ಕಣಯ್ಯ, ಓಡಾಡಿದವ್ನು ನಾನೇ," ಎಂದು ನಕ್ಕರು. ಎದೆಯ ಮೇಲಿನ ಭಾರ ಇಳಿದಂತಾಯಿತು. ನಗು ನಿಂತ ಮೇಲೆ ಮೆಲ್ಲಗೆ, "ಆಯಮ್ಮ ತೀರಿ ಹೋಗ್ಬಿಟ್ರು, ಗೊತ್ತಾಯ್ತಾ?" ಎಂದರು.

ಗೊತ್ತಿರಲಿಲ್ಲ… ಅಂಗಳದಾಚೆ ನೋಡಿದೆ. ಮರದಡಿ ಬರೀ ಬೇವಿನೆಲೆ. ಬಾಗಿಲಲ್ಲಿ ನಿಂತಿದ್ದ ಹೊಸ ಅಟೆಂಡರನಿಗೆ, "ಮೊದಲು ಚಪ್ಪಲಿ ಅಲ್ಲಿ ಬಿಡಬೇಕಿತ್ತು," ಎಂದೆ.

"ಯಾಕ್ರೀ? ಇದೇನು ಗುಡೀನಾ?" ಎಂದ ಆತ, ನಿಜವಾಗಿಯೂ ಅರ್ಥವಾಗದೆ.

ಚಪ್ಪಲಿ ಕಾಲಲ್ಲೇ ಒಳಗೆ ಹೋದೆ. ಅವರ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು.