ಬೂಕನಕೆರೆಯಲ್ಲಿ ಎರಡು ಆಟೋ, ಒಂದೇ ದನಿ

ಕೊರೊನಾದ ಎರಡನೇ ಅಲೆಯ ಆ ಮೇ ತಿಂಗಳಲ್ಲಿ ಬೂಕನಕೆರೆಯ ನಾಯಿಗಳು ನಡುರಸ್ತೆಯಲ್ಲಿ ಮಲಗುವುದನ್ನೇ ಬಿಟ್ಟಿದ್ದವು. ಎಬ್ಬಿಸಲು ಒಂದು ಬಸ್ಸೂ ಬಾರದ ಮೇಲೆ ಅಲ್ಲಿ ಮಲಗಿ ಏನು ಸುಖ? ಮನೆಗಳ ಬಾಗಿಲು ಬೆರಳು ತೂರುವಷ್ಟು ಮಾತ್ರ ತೆರೆದಿರುತ್ತಿದ್ದವು. ಆ ಸಂದಿನಲ್ಲಿ ಒಂದು ಕಣ್ಣು.

ಅಂಥ ಒಂದು ಬೆಳಿಗ್ಗೆ ಕೆ.ಆರ್.ಪೇಟೆ ಕಡೆಯಿಂದ ಒಂದು ಆಟೋ ಬಂತು. ನೆತ್ತಿಯ ಮೇಲಿನ ಮೈಕಿನ ಹಾರನ್ನು ಕೂಗುತ್ತಿತ್ತು: “ಮಹಾಜನರೇ, ಮದ್ದು ಬಂದಿದೆ! ಮದ್ದು ಬಂದಿದೆ! ಮದ್ದು ಬಂದಿದೆ!” ಎದುರಿನಿಂದ, ಕೆರೆ ಏರಿಯ ಕಡೆಯಿಂದ, ಇನ್ನೊಂದು ಆಟೋ: “ಮಹಾಜನರೇ, ಈ ಕಾಯಿಲೆಗೆಂದೇ ಮದ್ದು ಇನ್ನೂ ಬಂದಿಲ್ಲ! ಬಂದಿಲ್ಲ! ಬಂದಿಲ್ಲ!”

ಎರಡೂ ಒಂದೇ ದನಿ. ‘ಮಹಾಜನರೇ’ ಎನ್ನುವಾಗಿನ ಅದೇ ಎಳೆತ, ಕೊನೆಗೆ ಅದೇ ಸಣ್ಣ ಕೆಮ್ಮು. ಆಟೋಗಳು ಸಂತೆಮಾಳದ ಹತ್ತಿರ ಒಂದನ್ನೊಂದು ದಾಟಿಕೊಂಡು ಹೋದವು. ಒಂದು ಗಳಿಗೆ ಆ ದನಿ ತನ್ನೊಡನೆ ತಾನೇ ಜಗಳವಾಡಿ, ಎರಡು ದಿಕ್ಕಿಗೆ ಚದುರಿತು.

ದನಿಯ ಒಡೆಯ ಕೃಷ್ಣಮೂರ್ತಿ ಅದೇ ಬೀದಿಯ ತನ್ನ ಮನೆಯಲ್ಲಿ, ಗಂಟಲಿಂದ ಒಂದಕ್ಷರವೂ ಹೊರಡದೆ ಮಲಗಿದ್ದ.

ಮೂರ್ತಿಯದು ಆಚಾರರ ಮನೆತನ. ಅಪ್ಪ ತಮ್ಮಯ್ಯಾಚಾರಿ ಬಡಗಿ. ಊರಿನ ಅರ್ಧದಷ್ಟು ಬಾಗಿಲು ಅವರ ಕೈಯವು. ಮಗ ಉಳಿ ಹಿಡಿದರೆ ಬೆರಳಿಗೆ ಗಾಯ, ಬಾಯಿ ಬಿಟ್ಟರೆ ಗಾಯನ. ಅಪ್ಪ ಆಸೆ ಬಿಟ್ಟರು, ಮಗ ಮೈಕು ಹಿಡಿದ. ಎಮ್ಮೆ ಕಳೆದದ್ದು, ಕರೆಂಟು ಬಾರದ್ದು, ಕಬಡ್ಡಿ ಪಂದ್ಯ, ಯಾರೋ ತೀರಿಕೊಂಡದ್ದು, ಎಲ್ಲವೂ ಅವನ ಬಾಯಿಂದ ಬಂದ ಮೇಲೆಯೇ ಸುತ್ತಲ ಹಳ್ಳಿಗಳಿಗೆ ಖಾತ್ರಿಯಾಗುತ್ತಿತ್ತು. ಪ್ರತಿಯೊಂದನ್ನೂ ಅವನು ಮೂರು ಸಲ ಹೇಳುತ್ತಿದ್ದ. ಅದು ಕಸುಬಿನ ರೂಢಿಯಲ್ಲ, ಅವ್ವ ಕಲಿಸಿದ್ದು.

ಅವ್ವ ಸೋಮಮ್ಮನ ಪ್ರಕಾರ, ಮನೆಯವರ ದನಿಯಲ್ಲೇ ಹೊರಗೆ ನಿಂತು ಕರೆಯುವ ಒಂದು ಇದೆ. ಓಗೊಟ್ಟು ಹೋದವರು ಉಳಿಯುವುದಿಲ್ಲ. ಗುರುತು ಇಷ್ಟೇ: ಅದು ಒಂದೇ ಸಲ ಕರೆಯುತ್ತದೆ, ಮನುಷ್ಯನಾದರೆ ಮೂರು ಸಲ ಕರೆಯುತ್ತಾನೆ. ಹೆಚ್ಚಿನ ಭದ್ರತೆಗೆ ಬಾಗಿಲ ಮೇಲೆ ಸುಣ್ಣದ ಕಡ್ಡಿಯಲ್ಲಿ ‘ನಾಳೆ ಬಾ’ ಎಂದು ಬರೆಯಬೇಕು. ಬಂದದ್ದು ಓದಿಕೊಂಡು ಹೋಗುತ್ತದೆ; ಮಾರನೆಯ ದಿನ ಬಂದು ಮತ್ತೆ ಓದುತ್ತದೆ. ಅಕ್ಷರ ಕಲಿತರೂ ಕ್ಯಾಲೆಂಡರ್ ಕಲಿಯದ ದೆವ್ವ. ಸೋಮಮ್ಮನಿಗೆ ಬರೆಯಲು ಬರುತ್ತಿದ್ದುದೂ ಅವೆರಡೇ ಪದ.

ಅಲೆ ಎದ್ದಾಗ ಪೇಟೆಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿದ್ದ ಅಶೋಕ್ ಒಂದು ಕಿಟ್ ಕಟ್ಟಿದ. ಮಲೇರಿಯಾ ಮಾತ್ರೆ, ಹುಳದ ಮಾತ್ರೆ, ಮೇಲೆ ಒಂದು ಸ್ಟೀರಾಯ್ಡ್. ಅದರ ಪ್ರಚಾರಕ್ಕೆ ಮೂರ್ತಿ ದನಿ ಕೊಟ್ಟ. ಆಮೇಲೆ ಪಂಚಾಯ್ತಿಯವರು ಬಂದು, ಯಾರೂ ಸ್ವಂತವಾಗಿ ಮಾತ್ರೆ ನುಂಗಬೇಡಿ ಎಂದು ಹೇಳಲು ಕರೆದರು. ಅದಕ್ಕೂ ಕೊಟ್ಟ. “ದನಿ ನಂದು, ಮಾತು ಅವರವರ್ದು” ಎನ್ನುತ್ತಿದ್ದ. ಟಿವಿಯಲ್ಲಿ ಕೂತ ದೊಡ್ಡ ಡಾಕ್ಟರುಗಳದ್ದೂ ಹೆಚ್ಚುಕಡಿಮೆ ಇದೇ ಪಾಡು. ಹೋದ ವರ್ಷ ದೇವರಾಗಿದ್ದ ಮಲೇರಿಯಾ ಮಾತ್ರೆಯನ್ನು ಈ ವರ್ಷ ಗುಡಿಯಿಂದ ಇಳಿಸಿದ್ದರು. ಸ್ಟೀರಾಯ್ಡ್ ಜೀವ ಉಳಿಸುತ್ತದೆ ಎಂದು ಒಬ್ಬರು ಹೇಳಿದರೆ, ಉಸಿರು ನೆಟ್ಟಗಿರುವವರಿಗೆ ಕೊಟ್ಟರೆ ಅದೇ ಕೆಡಿಸುತ್ತದೆ ಎಂದು ಇನ್ನೊಬ್ಬರು ಹೇಳುತ್ತಿದ್ದರು. ಊರಲ್ಲಿ ಮಾತ್ರೆಗಿಂತ ಮಾತೇ ಹೆಚ್ಚು ಖರ್ಚಾಗುತ್ತಿತ್ತು.

ಅಷ್ಟರಲ್ಲಿ ಮೂರ್ತಿಗೇ ಜ್ವರ ಬಂತು. ಪರೀಕ್ಷೆಯಲ್ಲಿ ಪಾಸಿಟಿವ್. ಮೊದಲು ಹೋದದ್ದು ದನಿ. ಹೆಂಡತಿ ದೀಪಶ್ರೀ ಅವನನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದಳು. ಅಶೋಕ್ ಪ್ರೀತಿಯಿಂದ ಕಳಿಸಿದ ಕಿಟ್ ಗೂಡಿನಲ್ಲಿತ್ತು. ಅದನ್ನು ಕೊಡಬೇಕೋ ಬೇಡವೋ ಎಂಬುದೇ ಈಗ ಮನೆಯ ಚಿಂತೆ.

‘ಬಂದಿದೆ’ ಆಟೋ ಓಡಿಸುತ್ತಿದ್ದವನು ದೀಪಶ್ರೀಯ ತಮ್ಮ ಯೋಗೇಶ್. ಅವನು ಕಿಟಕಿಯಾಚೆ ನಿಂತು ಅವಸರಿಸಿದ.

“ಅಕ್ಕಾ, ಕೊಟ್ಬುಡು ಅತ್ಲಾಗೆ. ಭಾವ್ನೇ ಯೇಳ್ತಾವ್ನಲ್ಲ ಮೈಕಲ್ಲಿ!”

“ನಿಮ್ ಭಾವ ಆ ಕಡೆ ಆಟೋದಲ್ಲಿ ಬ್ಯಾಡ ಅಂತಾನೂ ಯೇಳ್ತಾವ್ರೆ ಕಣ್ಲಾ. ಈಗ ಯಾವ್ ಭಾವನ್ ಮಾತು ಕೇಳನ?”

“ನನ್ ಆಟೋ ಭಾವ ಮೊದ್ಲು ಯೇಳಿದ್ದು!”

“ಎಲ್ಡೂ ಕೇಳ್ಬ್ಯಾಡಿ” ಎಂದಳು ಸೋಮಮ್ಮ, ಹೊಸಿಲ ಮೇಲೆ ಕೂತು. “ನನ್ ಮಗ ಒಳ್ಗವ್ನೆ. ಬಾಯಿ ಬುಡಕ್ಕೆ ಆಗ್ದೆ ಮಲ್ಗವ್ನೆ. ಈಚೆ ಅವ್ನ್ ದನೀಲಿ ಕೂಗ್ತಿರದು ಏನು ಅಂತ ನಿಂಗೊತ್ತಾ?”

“ಅದು ಮೆಮೊರಿ ಕಾರ್ಡು ಕಣವ್ವೋ.”

“ಅಂಗಂತ ಯೆಸ್ರೂ ಇಕ್ಕವ್ರಾ ಅದ್ಕೆ!”

ಯೋಗೇಶ್ ತಲೆ ಚಚ್ಚಿಕೊಂಡ. “ನೀನೇ ಯೇಳ್ತಿದ್ದಲ್ಲವ್ವ, ಮನುಸ್ಯ ಮೂರ್ ಸಲ ಕರೀತಾನೆ ಅಂತ? ಇದೂ ಮೂರ್ ಸಲ ಕೂಗ್ತದೆ.”

“ಮೂರಲ್ಲ ಕಣ್ಲಾ, ನೂರ್ ಸಲ ಕೂಗ್ತದೆ. ಮನುಸ್ಯ ಆದೋನು ಮೂರಕ್ಕೆ ನಿಲ್ಲುಸ್ತಾನೆ.”

ಯೋಗೇಶ್ ಗೊಣಗುತ್ತ ಆಟೋ ಹತ್ತಿದ. ಸೋಮಮ್ಮ ಎದ್ದು ಈಗಿಲ್ಲದ ಗಂಡ ಮಾಡಿದ ಬಾಗಿಲ ಮೇಲೆ, ಅಕ್ಷರ ವಾಲದಂತೆ, ‘ನಾಳೆ ಬಾ’ ಎಂದು ಬರೆದಳು. ಕಿಟ್ ಗೂಡಿನಲ್ಲೇ ಉಳಿಯಿತು.

ಒಂದೆರಡು ದಿನ ಜ್ವರ ಏರಿಳಿಯಿತು. ಮೂರನೆಯ ಸಂಜೆ ಮೂರ್ತಿಯ ಎದೆಗೂಡು ಕಮ್ಮಾರರ ತಿದಿಯ ಹಾಗೆ ಏಳತೊಡಗಿತು. ಉಗುರು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಶ್ವಾಸ ಕಡಿಮೆಯಾದಷ್ಟೂ ಸೋಮಮ್ಮನಿಗೆ ಬಾಗಿಲ ಬರಹದ ಮೇಲೆ ವಿಶ್ವಾಸ ಹೆಚ್ಚಿತು. ದೀಪಶ್ರೀ ಫೋನು ಹಿಡಿದು ಹೊರಗೆ ಹೊರಟರೆ ಮುದುಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

“ದೀಪ ಹಚ್ಚೊ ಒತ್ನಲ್ಲಿ ಬಾಗ್ಲು ತೆಗೀಬ್ಯಾಡ. ಅದು ಬರೋ ಒತ್ತು.”

ಅದು ಬಂತು. ಕೆರೆ ಏರಿಯ ಕಡೆಯಿಂದ ಪಂಚಾಯ್ತಿ ಆಟೋ.

“ಮಹಾಜನರೇ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡಬೇಡಿ...”

ದೀಪಶ್ರೀ ಗಂಡನ ಕಡೆ ತಿರುಗಿದಳು. ಅವನ ತುಟಿ ಅಲ್ಲಾಡುತ್ತಿತ್ತು. ಹೊರಗೆ ‘ಮಹಾಜನರೇ’ ಎಂದಾಗ ಇಲ್ಲಿ ಬಾಯಿ ಅಗಲವಾಗಿ ತೆರೆಯಿತು. ‘ತಡಮಾಡಬೇಡಿ’ ಎಂದಾಗ ತುಟಿ ಕೂಡಿ ಬಿಚ್ಚಿತು. ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಶಬ್ದ ಬೀದಿಯಲ್ಲಿ, ಬಾಯಿ ಮಂಚದ ಮೇಲೆ.

“ಅತ್ತೆಮ್ಮ” ಎಂದಳು ಅವಳು, ಪಿಸುದನಿಯಲ್ಲಿ. “ಇಲ್ಲ್ ನೋಡಿ.”

ಸೋಮಮ್ಮ ನೋಡಿದಳು. ಆಟೋ ಮನೆ ದಾಟಿತು, ದನಿ ಸಣ್ಣಗಾಯಿತು, ತಿರುವಿನಲ್ಲಿ ಅಡಗಿತು. ಕೋಣೆಯಲ್ಲಿ ಬರೀ ಉಬ್ಬಸದ ಸದ್ದು. ಆದರೆ ಮಗನ ತುಟಿ ನಿಲ್ಲಲಿಲ್ಲ. ಆಸ್ಪತ್ರೆಗೆ ಬನ್ನಿ. ಆಸ್ಪತ್ರೆಗೆ ಬನ್ನಿ. ಆಸ್ಪತ್ರೆಗೆ ಬನ್ನಿ. ಅಲ್ಲಿಗೆ ನಿಂತಿತು.

ಮುದುಕಿ ಸೆರಗಿನಿಂದ ಬಾಗಿಲ ಮೇಲಿನ ಸುಣ್ಣ ಒರೆಸಿ, ಅಗುಳಿ ತೆಗೆದಳು. “ಕರಿ ಕಣವ್ವ ನಿನ್ ತಮ್ಮನ್ನ” ಎಂದಳು.

ಯೋಗೇಶನ ಆಟೋ ಬಂತು. ಹಾರನ್ನಿನ ತಂತಿಯನ್ನು ನೇರ ಗಾಡಿ ಕೀಲಿಯ ಸ್ವಿಚ್ಚಿಗೇ ಬಿಗಿದಿದ್ದ ಪುಣ್ಯಾತ್ಮ. ಗಾಡಿ ಚಾಲೂ ಆದರೆ ಅದೂ ಚಾಲೂ. ತಂತಿ ಕೀಳುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಉಸಿರಿಗೆ ಒದ್ದಾಡುತ್ತಿದ್ದ ಮೂರ್ತಿಯ ನೆತ್ತಿಯ ಮೇಲೆ ಮೂರ್ತಿಯೇ ಕೂಗುತ್ತಾ ಹೋದ: ಮದ್ದು ಬಂದಿದೆ! ಮದ್ದು ಬಂದಿದೆ! ಕತ್ತಲಾಗುತ್ತಿದ್ದ ಗದ್ದೆ ಬಯಲಲ್ಲಿ ಆ ದನಿ ತೆಳುವಾಗಿ ಕರಗುವವರೆಗೂ ಸೋಮಮ್ಮ ಜಗಲಿ ಬಿಟ್ಟು ಅಲ್ಲಾಡಲಿಲ್ಲ.

ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಆಕ್ಸಿಜನ್ ಇಟ್ಟರು, ಆಮೇಲೆ ಸೂಜಿ ಚುಚ್ಚಿದರು. ಅದು ಸ್ಟೀರಾಯ್ಡ್ ಎಂದು ತಿಳಿದು ದೀಪಶ್ರೀ ಬೆಚ್ಚಿದಳು.

“ಮೇಡಮ್, ಇದು ಮನೇಲೇ ಇತ್ತು. ಕೊಡ್ಲಿಲ್ಲ ನಾನು.”

“ಕೊಟ್ಟಿದ್ರೆ ನಾನು ನಿಮ್ಮನ್ನ ಬೈತಿದ್ದೆ” ಎಂದರು ಅವರು. “ಈಗ ಕೊಡದಿದ್ರೆ ನೀವು ನನ್ನ ಬೈಬೇಕು. ಉಸಿರು ಇಳಿದವರಿಗೆ ಮಾತ್ರ ಇದು.”

ಮೂರ್ತಿ ಉಳಿದ. ಜೂನಿನ ಒಂದು ಮಧ್ಯಾಹ್ನ ಯೋಗೇಶ್ ಅವನನ್ನು ಮನೆಯ ಮುಂದೆ ಇಳಿಸಿದ, ಹಾರನ್ನು ಬಿಚ್ಚಿಟ್ಟ ಆಟೋದಿಂದ. ದೀಪಶ್ರೀ ಬಾಗಿಲು ತಟ್ಟಲು ಹೋದಾಗ ಮೂರ್ತಿ ಕೈಸನ್ನೆಯಿಂದ ತಡೆದ. ತಾನೇ ಕರೆಯುವ ಆಸೆ.

“ಅವ್ವಾ.”

ಹೊರಟದ್ದು ಒಣಗಿದ ಕಬ್ಬಿನ ಸೋಗೆ ಉಜ್ಜಿದಂಥ ಸದ್ದು. ಒಂದೇ ಸಲಕ್ಕೆ ಉಸಿರು ಮುಗಿದು ಅವನು ಚೌಕಟ್ಟು ಹಿಡಿದುಕೊಂಡ. ಒಳಗೆ ನಡೆದು ಬರುತ್ತಿದ್ದ ಹೆಜ್ಜೆ ಬಾಗಿಲ ಹಿಂದೆಯೇ ನಿಂತಿತು. ಯಾರೂ ಓಗೊಡಲಿಲ್ಲ.

ಆಗ ತಿರುವಿನಿಂದ ಪಂಚಾಯ್ತಿ ಆಟೋ ಬಂತು. ಹಳೆಯ ಮೂರ್ತಿ, ತುಂಬುಗಂಟಲ ಮೂರ್ತಿ: “ಮಹಾಜನರೇ, ಯಾರೂ ಹೊರಗೆ ಬರಬೇಡಿ! ಹೊರಗೆ ಬರಬೇಡಿ! ಹೊರಗೆ ಬರಬೇಡಿ!”

ಅಗುಳಿ ಸರಿಯಿತು. ಸೋಮಮ್ಮ ಹೊರಗೆ ಬಂದಳು. ಹೊಸಿಲ ಪಕ್ಕದಲ್ಲಿದ್ದವನನ್ನು ದಾಟಿ ಅವಳ ಕಣ್ಣು ರಸ್ತೆಗೆ ಹೋಯಿತು. ಆಟೋ ಮರೆಯಾಗುವವರೆಗೂ ಅವಳ ಮುಖ ಅದರ ಹಿಂದೆಯೇ ತಿರುಗಿತು. ಆಮೇಲೆ ನಿಧಾನವಾಗಿ, ಚೌಕಟ್ಟಿಗೆ ಒರಗಿದ್ದ ಸಣಕಲು ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಂದು ಕೈ ಇನ್ನೂ ಬಾಗಿಲ ಮೇಲೇ ಇತ್ತು.

“ಇನ್ನೆಲ್ಡ್ ಸಲ ಕರಿ” ಎಂದಳು.

ಮೂರ್ತಿ ಜಗಲಿಯ ಮೇಲೆ ಕುಳಿತು ಉಸಿರು ಕೂಡಿಸತೊಡಗಿದ.